ನಿಂತವರ ಸಭೆ

ನಮ್ಮೂರಿನ ಒಂದು ಕಡೆ ಹೊಳೆ, ಹೊಳೆಯ ಆಚೆ ಸಂತೆ, ಈಚೆ ನಾವು. ದೇವಾಲಯ ಹೊಳೆಗೆ ಬೆನ್ನು ಹಾಕಿಕೊಂಡು ನಿಂತಿತ್ತು. ಎಲ್ಲ ಊರುಗಳಂತೆ ಇಲ್ಲಿಯೂ ಜನ ಸುಳ್ಳು ಹೇಳುತ್ತಿದ್ದರು, ಹಾಲಿಗೆ ನೀರು ಬೆರೆಸುತ್ತಿದ್ದರು, ಅತ್ತೆಯನ್ನು ಬೈಯುತ್ತಿದ್ದರು, ಭಾನುವಾರ ಒಗೆದ ಬಟ್ಟೆ ಉಟ್ಟು ದೇವಾಲಯಕ್ಕೆ ಬರುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ನಮ್ಮೂರು ಬೇರೆ. ಇಲ್ಲಿ ಯಾರಿಗೂ ತಮ್ಮ ತಪ್ಪನ್ನು ತಾವೇ ಸಭೆಯಲ್ಲಿ ಹೇಳಲು ಬರುತ್ತಿರಲಿಲ್ಲ.

ನಾಚಿಕೆಯಿಂದ ಅಲ್ಲ. ನಾಚಿಕೆ ಎಲ್ಲ ಊರಿನಲ್ಲೂ ಇರುತ್ತದೆ. ಇಲ್ಲಿ ಸ್ವರವೇ ಹೊರಡುತ್ತಿರಲಿಲ್ಲ. ತಪ್ಪು ಮಾಡಿದವನು ಸಭೆಯಲ್ಲಿ ಎದ್ದು ನಿಂತರೆ ಬಾಯಿ ತೆರೆಯುತ್ತಿತ್ತು, ತುಟಿ ಆಡುತ್ತಿತ್ತು, ಸ್ವರ ಹೊರಡುತ್ತಿರಲಿಲ್ಲ. ಒಬ್ಬರ ಕಿವಿಯಲ್ಲಿ ಪಿಸುಗುಟ್ಟಬಹುದಿತ್ತು, ಅದಕ್ಕೆ ಅಡ್ಡಿಯಿಲ್ಲ. ಸಭೆಯಲ್ಲಿ ಮಾತ್ರ ಆಗದು. ಇದು ಶಾಪವೋ ವರವೋ ಎಂದು ಹಿಂದಿನವರು ಬಹಳ ತಲೆಕೆಡಿಸಿಕೊಂಡರಂತೆ. ಆಮೇಲೆ ತಲೆಕೆಡಿಸಿಕೊಳ್ಳುವುದನ್ನು ಬಿಟ್ಟು ಒಂದು ಏರ್ಪಾಡು ಮಾಡಿಕೊಂಡರು.

ಏರ್ಪಾಡು ಹೀಗಿತ್ತು. ವಾರಕ್ಕೊಂದು ಮನೆಯ ಬಾಗಿಲಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಅದು ಆ ವಾರದ ಹೊರುವ ಮನೆ. ಎದೆಯಲ್ಲಿ ತಪ್ಪು ಇಟ್ಟುಕೊಂಡವರು ಶನಿವಾರ ಆ ಮನೆಯ ಹೊಸ್ತಿಲ ಹೊರಗೆ ನಿಲ್ಲುತ್ತಿದ್ದರು. ಹೊರುವವರು ಮುಖ ತಿರುಗಿಸಿ ಕಿವಿ ಕೊಡುತ್ತಿದ್ದರು. ಬೇಡ ಎನ್ನುವ ಹಾಗಿರಲಿಲ್ಲ, ಯಾರೆಂದು ನೋಡುವ ಹಾಗಿರಲಿಲ್ಲ, ಯಾಕೆಂದು ಕೇಳುವ ಹಾಗಿರಲಿಲ್ಲ. ಭಾನುವಾರ ಮೊದಲ ಹಾಡು ಮುಗಿದ ಮೇಲೆ ಹೊರುವವರು ಎದ್ದು ನಿಂತು, ಬಂದದ್ದನ್ನೆಲ್ಲ ತಾವೇ ಮಾಡಿದ ಹಾಗೆ ಅರಿಕೆ ಮಾಡುತ್ತಿದ್ದರು. ಬೇರೆಯವರ ತಪ್ಪಾದ್ದರಿಂದ ಸ್ವರ ಸರಾಗವಾಗಿ ಹೊರಡುತ್ತಿತ್ತು. ಆಗ ಸಭೆಯ ಪಾದ್ರಿ ಅಯ್ಯನವರು, "ದೇವರು ಬಿಟ್ಟಿದ್ದಾನೆ" ಎನ್ನುತ್ತಿದ್ದರು. ಕುಳಿತ ಸಭೆ, "ನಾವೂ ಬಿಟ್ಟೆವು" ಎನ್ನುತ್ತಿತ್ತು. ಅದನ್ನು ಕೇಳಿದ ಮೇಲೆಯೇ ನಿಂತವರು ಕೂರಬೇಕು. ಬಿಟ್ಟೆವು ಎಂದರೆ ಕ್ಷಮಿಸಿದೆವು ಎಂದು. ನಿಂತವರು ಬಿಟ್ಟೆವು ಎನ್ನುವ ಹಾಗಿಲ್ಲ, ಅದು ಕುಳಿತವರ ಮಾತು. ಮಕ್ಕಳನ್ನು ಅರಿಕೆಯ ಹೊತ್ತಿಗೆ ಹೊರಗೆ ಮರದ ಕೆಳಗೆ ಕಳಿಸುತ್ತಿದ್ದರು.

ನೋಡುವುದಕ್ಕೆ ಇದು ಒಮ್ಮೊಮ್ಮೆ ಚೆನ್ನಾಗಿರುತ್ತಿತ್ತು. ಬಾಯಲ್ಲಿ ಒಂದು ಹಲ್ಲೂ ಇಲ್ಲದ ಅಜ್ಜಿ ಎದ್ದು ನಿಂತು, ಗಂಡನ ತೋಳು ಕಚ್ಚಿದೆ ಎಂದು ಅರಿಕೆ ಮಾಡಿದ್ದುಂಟು. ಸಭೆಯ ಹಿರಿಯ, ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬರುವಂಥ ಆಳು, ಪಕ್ಕದ ಮನೆಯ ಕಿಟಕಿಯಲ್ಲಿ ನುಸುಳಿ ಬೆಲ್ಲ ತಿಂದೆ ಎಂದು ಗಂಭೀರವಾಗಿ ಹೇಳಿದ್ದುಂಟು. ನಗುವ ಹಾಗಿರಲಿಲ್ಲ. ನಾವು ಕೆಳಗೆ ನೋಡಿಕೊಂಡು, "ನಾವೂ ಬಿಟ್ಟೆವು" ಎನ್ನುತ್ತಿದ್ದೆವು. ನಿಜವಾಗಿ ಬೆಲ್ಲ ತಿಂದವನೂ ನಮ್ಮ ನಡುವೆ ಎಲ್ಲೋ ಕುಳಿತು ಬಿಟ್ಟೆವು ಎನ್ನುತ್ತಿದ್ದ. ಬಹುಶಃ ಅವನ ದನಿಯೇ ಎಲ್ಲರಿಗಿಂತ ಜೋರಾಗಿರುತ್ತಿತ್ತು. ಕದ್ದವನಿಗೆ ಕ್ಷಮೆ ಸಿಗುತ್ತಿತ್ತು, ಕಳೆದುಕೊಂಡವನಿಗೆ ಕದ್ದವನ ಸುಳಿವೂ ಸಿಗುತ್ತಿರಲಿಲ್ಲ. ಬಹಳ ಅನುಕೂಲದ ಏರ್ಪಾಡು ಎಂದು ನಾವೆಲ್ಲ ನೆಮ್ಮದಿಯಾಗಿದ್ದೆವು.

ಹೊಳೆಯ ದಂಡೆಯಲ್ಲಿ ಒಬ್ಬಳು ಚಾಪೆ ಹೆಣೆಯುತ್ತಿದ್ದಳು. ಅವಳ ಗಂಡ ಅಂಬಿಗ. ನಮ್ಮನ್ನು ಸಂತೆಗೆ ದಾಟಿಸುತ್ತಿದ್ದವನು ಅವನೇ. ಕೆಲವು ವರ್ಷಗಳ ಹಿಂದೆ, ಹೊಳೆಗೆ ಹೊಸ ನೀರು ಬಂದ ದಿನಗಳಲ್ಲಿ, ಜನರನ್ನು ಆಚೆ ಬಿಟ್ಟು ಒಬ್ಬನೇ ವಾಪಸು ಬರುವಾಗ ದೋಣಿ ನಡುಹೊಳೆಯಲ್ಲಿ ಮುಳುಗಿತು. ಹೆಣ ಎಷ್ಟೋ ಕೆಳಗೆ, ಮರಳಿನ ದಿಣ್ಣೆಯಲ್ಲಿ ಸಿಕ್ಕಿತು. ಕುಡಿದಿದ್ದನಂತೆ ಎಂದು ಯಾರೋ ಹೇಳಿದರು. ಯಾರು ಮೊದಲು ಹೇಳಿದರೋ ತಿಳಿಯದು. ಅವತ್ತು ಸಂಜೆಯೊಳಗೆ ಎಲ್ಲರೂ ಹೇಳುತ್ತಿದ್ದರು. ಕುಡಿದು ಸತ್ತವರನ್ನು ಸಮಾಧಿ ತೋಟದ ಗೋಡೆಯೊಳಗೆ ಹೂಳುವ ಪದ್ಧತಿ ನಮ್ಮ ಸಭೆಯಲ್ಲಿರಲಿಲ್ಲ. ಗೋಡೆಯ ಹೊರಗೆ, ಮುಳ್ಳುಕಂಟಿ ಬೆಳೆದ ಕಡೆ ಅವನನ್ನು ಹೂಳಿದರು. ಅಯ್ಯನವರು ಚಿಕ್ಕ ಪ್ರಾರ್ಥನೆ ಹೇಳಿ ಬೇಗ ಹೊರಟುಹೋದರು.

ಚಾಪೆಯವಳು ಅವತ್ತು ಅಲ್ಲಿಗೆ ಹೋದದ್ದೇ ಕೊನೆ, ಮತ್ತೆ ಹೋಗಲಿಲ್ಲ. ಅವಳಿಗೆ ಗಂಡನ ಮೇಲೆ ಸಿಟ್ಟು ಬಂದಿತ್ತು. ಒಂದು ಗುಟುಕಿನ ಆಸೆಗೆ ತನ್ನನ್ನು ನಡುನೀರಿನಲ್ಲಿ ಕೈಬಿಟ್ಟ ಎಂದು ಅವಳು ತಿಳಿದಿದ್ದಳು. ಅವನ ಕಂಬಳಿಯನ್ನು ಯಾರಿಗೋ ಕೊಟ್ಟುಬಿಟ್ಟಳು. ಅವನ ಹೆಸರು ಹೇಳುವುದನ್ನು ಬಿಟ್ಟಳು. ಹೀಗಿದ್ದೂ ಸಮಾಧಿ ತೋಟದ ಗೋಡೆಯ ಪಕ್ಕದ ದಾರಿಯಲ್ಲಿ ಹೋಗುವಾಗ ಅವಳ ಹೆಜ್ಜೆ ನಿಧಾನವಾಗುವುದನ್ನು ನಾವು ಕಂಡಿದ್ದೆವು, ಕಂಡು ಸುಮ್ಮನಿದ್ದೆವು.

ಸರದಿಯಂತೆ ಒಂದು ವಾರ ಬಿಳಿ ಬಟ್ಟೆ ಅವಳ ಬಾಗಿಲಿಗೆ ಬಂತು. ಶನಿವಾರ ಬೆಳಿಗ್ಗೆಯಿಂದ ಒಬ್ಬೊಬ್ಬರಾಗಿ ಬಂದು ತಮ್ಮ ಚಿಲ್ಲರೆ ತಪ್ಪುಗಳನ್ನು ಕಿವಿಯಲ್ಲಿ ಇಟ್ಟು ಹೋದರು. ಅವಳು ಚಾಪೆ ಹೆಣೆಯುತ್ತಲೇ ಕೇಳಿಸಿಕೊಂಡಳು. ಉರಿಬಿಸಿಲಿನ ಹೊತ್ತಿಗೆ, ದಂಡೆಯಲ್ಲಿ ಯಾರೂ ಇಲ್ಲದಾಗ, ಬಡಗಿ ಬಂದ. ಮರದ ಪುಡಿಯ ವಾಸನೆಯಿಂದಲೇ ಅವಳಿಗೆ ಯಾರೆಂದು ಗೊತ್ತಾಯಿತು. ಗೊತ್ತಾಗದವಳ ಹಾಗೆ ಮುಖ ತಿರುಗಿಸಿ ಕಿವಿ ಕೊಟ್ಟಳು.

ಬಡಗಿ ಹೇಳಿದ್ದು ಇಷ್ಟು. ದೋಣಿಯ ತಳದ ಹಲಗೆ ಕೊಳೆತಿತ್ತು. ಮಳೆಗಾಲಕ್ಕೆ ಮುಂಚೆ ಅಂಬಿಗ ದೋಣಿಯನ್ನು ದಂಡೆಗೆ ಎಳೆದು, ಹೊಸ ಹಲಗೆ ಹಾಕಿಕೊಡು ಎಂದು ಕೇಳಿದ್ದ. ಅದೇ ಹೊತ್ತಿಗೆ ದೇವಾಲಯಕ್ಕೆ ಹೊಸ ಬಾಗಿಲು ಆಗಬೇಕಿತ್ತು, ಹಬ್ಬ ಹತ್ತಿರ ಬಂದಿತ್ತು, ಸಭೆಯ ಹಿರಿಯ ದಿನವೂ ಬಂದು ಅವಸರ ಮಾಡುತ್ತಿದ್ದ. ಬಡಗಿ ಹಲಗೆ ಬದಲಿಸಲಿಲ್ಲ. ಕೊಳೆತ ಹಲಗೆಯ ಮೇಲೆ ದಪ್ಪಗೆ ಡಾಂಬರು ಬಳಿದ. ಈ ಮಳೆಗಾಲ ತಡೆಯುತ್ತದೆ ಎಂದ. ತಡೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ದೋಣಿ ಮುಳುಗಿದ ದಿನ ಬೆಳಿಗ್ಗೆ ಅಂಬಿಗ ಬಡಗಿಯ ಜಗಲಿಯಲ್ಲೇ ಕುಳಿತು ಗಂಜಿ ಕುಡಿದು ಹೋಗಿದ್ದ. ಗಂಜಿ ಬಿಟ್ಟು ಬೇರೇನನ್ನೂ ಕುಡಿದಿರಲಿಲ್ಲ.

ಚಾಪೆಯವಳ ಕೈ ನಿಂತಿತು. ನಿಯಮ ಮುರಿದು ಅವಳು ತಿರುಗಿ ಅವನ ಮುಖ ನೋಡಿದಳು. ಇಷ್ಟು ವರ್ಷ ಎಷ್ಟೋ ಬಾಗಿಲಿಗೆ ಬಟ್ಟೆ ಕಟ್ಟಿದ್ದರಲ್ಲ, ನನ್ನ ಬಾಗಿಲೇ ಬೇಕಿತ್ತೇ ಎಂದು ಕೇಳಿದಳು.

"ಬೇರೆ ಬಾಗಿಲಿಗೆ ಹೋಗಿದ್ರೆ ನನಗೆ ಕ್ಷಮೆ ಸಿಕ್ಕಿಬಿಡ್ತಿತ್ತು ತಂಗಿ," ಎಂದ ಬಡಗಿ. "ಯಾರು ಮಾಡಿದ್ದು ಅಂತ ನಿನಗೆ ಗೊತ್ತೇ ಆಗ್ತಿರಲಿಲ್ಲ. ಎಷ್ಟೋ ಸಲ ಹೊಸ್ತಿಲ ತನಕ ಹೋಗಿ ನಿಂತು ವಾಪಸು ಬಂದೆ. ಅಷ್ಟು ಸುಲಭವಾಗಿ ಸಿಕ್ಕೋದು ನನಗೆ ಬೇಡ ಅನ್ನಿಸ್ತು."

"ನಾಳೆ ನಾನು ಎದ್ದು ನಿಂತು, ಇದನ್ನ ನಾನೇ ಮಾಡಿದೆ ಅನ್ನಬೇಕು."

"ಹೌದು."

"ಆಮೇಲೆ ಎಲ್ಲರೂ ಬಿಟ್ಟೆವು ಅಂತಾರೆ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೇಳದಿದ್ದರೆ ಗಂಡ ಗೋಡೆಯ ಹೊರಗೇ ಉಳಿಯುತ್ತಾನೆ, ಕುಡುಕನೆಂಬ ಹೆಸರಿನಲ್ಲಿ. ಹೇಳಿದರೆ, ಅವನನ್ನು ಮುಳುಗಿಸಿದವನು ಒಂದೇ ಉಸಿರಿನಲ್ಲಿ ಪಾರಾಗುತ್ತಾನೆ, ಅದೂ ತನ್ನ ಬಾಯಿಂದ. ಎರಡನ್ನೂ ಅವಳು ತೂಗಿ ನೋಡಿದಳು. ಕೊನೆಗೆ, ಬಡಗಿ ಏನಾದರೂ ಆಗಲಿ, ಗಂಡನ ಹೆಸರು ಮೊದಲು ಎಂದು ನಿರ್ಧಾರ ಮಾಡಿದಳು.

ಭಾನುವಾರ ಮೊದಲ ಹಾಡು ಮುಗಿಯಿತು. ಮಕ್ಕಳು ಹೊರಗೆ ಹೋದರು. ಚಾಪೆಯವಳು ಎದ್ದು ನಿಂತಳು. ಹಾಲಿಗೆ ನೀರು ಬೆರೆಸಿದೆ ಎಂದಳು. ತಮ್ಮನ ಪಾಲಿನ ಮರ ಕಡಿದೆ ಎಂದಳು. ಸೊಸೆಗೆ ಹಳಸಿದ್ದು ಬಡಿಸಿದೆ ಎಂದಳು. ಎಲ್ಲ ಸರಾಗವಾಗಿ ಬಂತು. ಆಮೇಲೆ ಉಳಿದ ಒಂದನ್ನು ಹೇಳಲು ಹೊರಟಳು. ಬಾಯಿ ತೆರೆಯಿತು. ತುಟಿ ಆಡಿತು. ಸ್ವರ ಹೊರಡಲಿಲ್ಲ.

ಸಭೆ ತಲೆ ಎತ್ತಿತು. ಅವಳು ಮತ್ತೆ ಪ್ರಯತ್ನಿಸಿದಳು. ಬಾಯಿ ತೆರೆಯಿತು, ತುಟಿ ಆಡಿತು, ಸ್ವರ ಹೊರಡಲಿಲ್ಲ. ಹೊರುವವರಿಗೆ ಹೀಗಾದದ್ದನ್ನು ನಾವು ಎಂದೂ ಕಂಡಿರಲಿಲ್ಲ. ಸ್ವರ ಹೊರಡದಿರುವುದು ಸ್ವಂತ ತಪ್ಪಿಗೆ ಮಾತ್ರ. ತುಟಿಯ ಚಲನೆಯಲ್ಲಿ ಅಂಬಿಗ ಎಂಬ ಮಾತನ್ನು ಮುಂದಿನ ಬೆಂಚಿನವರು ಗುರುತಿಸಿದರು. ಅಷ್ಟು ಸಾಕಾಯಿತು. ಗಂಡನ ಸಾವಿನಲ್ಲಿ ಇವಳದೇ ಕೈಯಿದೆ ಎಂಬ ಮಾತು ಬೆಂಚಿನಿಂದ ಬೆಂಚಿಗೆ ಹೋಯಿತು.

ಆಗ ಹಿಂದೆ, ಬಾಗಿಲ ಹತ್ತಿರ, ಬಡಗಿ ಎದ್ದು ನಿಂತ. ಇದು ಅವಳದಲ್ಲ, ನನ್ನದು ಎಂದು ಹೇಳಲು ಎದ್ದಿದ್ದ. ಆದರೆ ಅದು ಅವನ ಸ್ವಂತ ತಪ್ಪು. ಅವನ ಬಾಯಿ ತೆರೆಯಿತು, ಸ್ವರ ಹೊರಡಲಿಲ್ಲ. ಸಭೆಯ ಹಿರಿಯ ಅದನ್ನು ಬೇರೆಯೇ ರೀತಿ ತಿಳಿದ. ಪಾಪ, ಬಡಗಿ ಇವಳ ಹೊರೆ ಹೊರಲು ಎದ್ದಿದ್ದಾನೆ, ಹೋಗಿ ಅವನ ಕಿವಿಯಲ್ಲಿ ಹೇಳು ಎಂದು ಚಾಪೆಯವಳಿಗೆ ಅಪ್ಪಣೆ ಕೊಟ್ಟ. ಅವಳು ನಡೆದು ಹೋದಳು. ಬಡಗಿಯ ಕಿವಿಯ ಹತ್ತಿರ ಬಾಗಿ, "ನಿಂದು ನೀನೇ ತಗೋ" ಎಂದಳು. ಅವನು ಮತ್ತೆ ಬಾಯಿ ತೆರೆದ. ಸ್ವರ ಹೊರಡಲಿಲ್ಲ.

ಕಥೆ ಕಟ್ಟುವುದರಲ್ಲಿ ನಮ್ಮೂರಿನವರದು ಎತ್ತಿದ ಕೈ. ಇಬ್ಬರಿಗೂ ಸ್ವರ ಹೊರಡಲಿಲ್ಲ, ಅಂದರೆ ಇಬ್ಬರೂ ಸೇರಿ ಮಾಡಿದ್ದಾರೆ. ಮಾತು ಹಿಂದಿನ ಬೆಂಚು ತಲುಪುವಷ್ಟರಲ್ಲಿ ಅವರಿಬ್ಬರೂ ಎಷ್ಟೋ ವರ್ಷಗಳಿಂದ ಕೂಡಿಕೊಂಡಿದ್ದರು, ಅಂಬಿಗನನ್ನು ಇಬ್ಬರೂ ಒಟ್ಟಿಗೆ ನೀರಿಗೆ ನೂಕಿದ್ದರು, ಅದನ್ನು ಕಣ್ಣಾರೆ ಕಂಡವರೂ ಇಬ್ಬರು ಹುಟ್ಟಿಕೊಂಡಿದ್ದರು. ಚಾಪೆಯವಳಿಗೆ ಅದೆಲ್ಲ ಕೇಳಿಸುತ್ತಿತ್ತು. ಗಂಡನ ಹೆಸರಿಗೆ ಅಂಟಿದ ಕೊಳೆ ತೊಳೆಯಲು ಬಂದವಳು, ಈಗ ತನ್ನ ಹೆಸರೂ ಅವನ ಪಕ್ಕದ ಮುಳ್ಳುಕಂಟಿಗೆ ಹೋಗುವುದನ್ನು ನೋಡುತ್ತ ನಿಂತಿದ್ದಳು.

ಹಿರಿಯ ಎದ್ದ. ಅಪರಾಧಿಗಳಿಗೆ ಆಗದ ಕೆಲಸವನ್ನು ಅಪರಾಧ ಮಾಡದವನೊಬ್ಬ ಮಾಡಬೇಕಷ್ಟೇ, ನಾನು ಹೇಳುತ್ತೇನೆ, ಏನಿದೆಯೋ ಹೊರಗೆ ಬರಲಿ ಎಂದ. ಚಾಪೆಯವಳು ಅವನ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು. ಹಲಗೆ, ಡಾಂಬರು, ದೇವಾಲಯದ ಬಾಗಿಲು, ಗಂಜಿ. ಅವನು ಸಭೆಯ ಕಡೆ ತಿರುಗಿ ಬಾಯಿ ತೆರೆದ. ತುಟಿ ಆಡಿತು. ಸ್ವರ ಹೊರಡಲಿಲ್ಲ. ಆ ಮಳೆಗಾಲಕ್ಕೆ ಮುಂಚೆ ಅಂಬಿಗ ಅವನ ಮನೆಗೂ ಬಂದಿದ್ದ. ಬಡಗಿಯನ್ನು ಸ್ವಲ್ಪ ದಿನ ಬಿಟ್ಟುಕೊಡಿ ಎಂದು ಬೇಡಿದ್ದ. ದೋಣಿ ಕಾಯಬಹುದು, ದೇವರ ಬಾಗಿಲು ಕಾಯುವುದಿಲ್ಲ ಎಂದು ಹಿರಿಯ ಅವನನ್ನು ಕಳಿಸಿಬಿಟ್ಟಿದ್ದ. ಇದು ಅವನಿಗೆ ಆಗ ನೆನಪಾಯಿತು.

ಹಾಡು ಎತ್ತಿಕೊಡುವವಳು ಎದ್ದಳು, ಕೇಳಿದಳು, ಬಾಯಿ ತೆರೆದಳು. ಅವಳಿಗೂ ಹೊರಡಲಿಲ್ಲ. ವಾರವಾರವೂ ಆ ದೋಣಿಯಲ್ಲಿ ಸಂತೆಗೆ ಹೋದವಳು ಅವಳು. ತಳದಲ್ಲಿ ನೀರು ಬರುತ್ತಿತ್ತು, ಸೀರೆ ಎತ್ತಿ ಹಿಡಿದು ಕೂರುತ್ತಿದ್ದಳು, ದಡ ಮುಟ್ಟಿದ ಮೇಲೆ ಮರೆಯುತ್ತಿದ್ದಳು. ಕೊನೆಗೆ ಅಯ್ಯನವರು ಪೀಠದಿಂದ ಇಳಿದು ಬಂದರು. ಅವರೂ ಕಿವಿ ಕೊಟ್ಟರು. ಅವರ ಬಾಯಿ ತೆರೆಯಿತು, ಅಷ್ಟು ದೊಡ್ಡ ದನಿಯ ಮನುಷ್ಯ, ಸ್ವರ ಹೊರಡಲಿಲ್ಲ. ಗೋಡೆಯ ಹೊರಗೆ ಗುಂಡಿ ತೋಡಿ ಎಂದವರು ಅವರೇ. ಕುಡಿದಿದ್ದು ನಿಜವೇ ಎಂದು ಒಬ್ಬರನ್ನೂ ಕೇಳಿರಲಿಲ್ಲ.

ಆಮೇಲೆ ಅದು ಕಿವಿಯಿಂದ ಕಿವಿಗೆ ಹೋಯಿತು. ಕೇಳಿದವರು ಎದ್ದರು, ಬಾಯಿ ತೆರೆದರು, ಸ್ವರ ಹೊರಡದೆ ಹಾಗೇ ನಿಂತರು. ಆ ದೋಣಿಯಲ್ಲಿ ಕಾಲು ಒದ್ದೆಯಾಗದವರು ನಮ್ಮೂರಿನಲ್ಲಿ ಯಾರೂ ಇರಲಿಲ್ಲ. ಒದ್ದೆ ಕಾಲಿನಲ್ಲಿ ಮನೆಗೆ ಹೋಗಿ, ಅವನು ಸತ್ತ ದಿನ ಸಂಜೆ ಕುಡಿದಿದ್ದನಂತೆ ಎಂದವರೂ ನಾವೇ. ಹಲಗೆಯ ಮಾತು ಎತ್ತಿದರೆ ಕಾಲಿನ ಮಾತೂ ಬರುತ್ತದೆ ಎಂದು ಒಳಗೊಳಗೆ ಎಲ್ಲರಿಗೂ ಗೊತ್ತಿತ್ತು. ಕೊನೆಯ ಬೆಂಚಿನ ಕೊನೆಯವನೂ ಎದ್ದು ನಿಂತ ಮೇಲೆ ದೇವಾಲಯದಲ್ಲಿ ಕುಳಿತವರು ಒಬ್ಬರೂ ಉಳಿಯಲಿಲ್ಲ. ಎಲ್ಲರ ಬಾಯಿ ತೆರೆದಿತ್ತು, ಒಬ್ಬರಿಂದಲೂ ಸದ್ದಿರಲಿಲ್ಲ. ಹೊರಗೆ ಮರದ ಕೆಳಗೆ ಮಕ್ಕಳು ಆಡುವ ಗಲಾಟೆ ಮಾತ್ರ ಕೇಳುತ್ತಿತ್ತು.

ಹಾಡು ಎತ್ತಿಕೊಡುವವಳು ಎಲ್ಲರ ಮುಂದೆ ನಿಂತಿದ್ದಳಲ್ಲ, ಏನೂ ತೋಚದೆ, ರೂಢಿಯಿಂದ, ಹಾಡಿಗೆ ಎತ್ತುವ ಹಾಗೆ ಕೈ ಎತ್ತಿದಳು. ನಾವೂ ರೂಢಿಯಿಂದ ಉಸಿರು ತೆಗೆದುಕೊಂಡೆವು. ಕೈ ಇಳಿಯಿತು. ಸ್ವರ ಹೊರಟಿತು.

ಹಾಡಿನ ಹಾಗೆ ಕೂಡಿ ಬರಲಿಲ್ಲ. ಒಬ್ಬರು ಮುಂದೆ, ಒಬ್ಬರು ಹಿಂದೆ, ಕೆಲವರದು ಬರೀ ಕೆಮ್ಮು. ಆದರೂ ಮಾತುಗಳು ಬಂದವು. ಹಲಗೆ ಕೊಳೆತದ್ದು ನಮಗೆ ಗೊತ್ತಿತ್ತು. ನಮ್ಮ ಕಾಲು ಒದ್ದೆಯಾಗಿತ್ತು. ನಾವು ಹೇಳಲಿಲ್ಲ. ಅವನು ಕುಡಿದಿದ್ದ ಎಂದೆವು. ಅವನು ಕುಡಿದಿರಲಿಲ್ಲ. ಕರ್ತನೇ, ಅವನು ಕುಡಿದಿರಲಿಲ್ಲ. ಚಾಪೆಯವಳೂ ನಮ್ಮ ಜೊತೆ ಹೇಳುತ್ತಿದ್ದಳು. ಕೊನೆಯ ಮಾತನ್ನು ಎಲ್ಲರೂ ನಿಲ್ಲಿಸಿದ ಮೇಲೂ ಅವಳೊಬ್ಬಳೇ ಹೇಳುತ್ತಿದ್ದಳು, ಮತ್ತೆ ಮತ್ತೆ, ಆಮೇಲೆ ಅತ್ತಳು. ನಮ್ಮಲ್ಲೂ ಅಳದವರು ಕಡಿಮೆ.

ಅತ್ತು ಮುಗಿಯಿತು. ಅಯ್ಯನವರು ಕಣ್ಣು ಒರೆಸಿಕೊಂಡು, "ದೇವರು ಬಿಟ್ಟಿದ್ದಾನೆ" ಎಂದರು. ಮುಂದಿನ ಮಾತು ಬರಲಿಲ್ಲ. ಅದು ಕುಳಿತವರ ಮಾತು, ಕುಳಿತವರು ಯಾರೂ ಇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೊರಗಿನಿಂದ ಮಕ್ಕಳನ್ನು ಕರೆಸೋಣ, ಅವರು ಕುಳಿತು ಬಿಟ್ಟೆವು ಎಂದುಬಿಡಲಿ ಎಂದ ಹಿರಿಯ. ಯಾರೂ ಒಪ್ಪಲಿಲ್ಲ. ಹಾಗಾದರೆ ಆಚೆ ದಡದಿಂದ ಯಾರನ್ನಾದರೂ ಕರೆತರೋಣ ಎಂದ. ಅಯ್ಯನವರು ಅವನನ್ನು ಸುಮ್ಮನಿರಿಸಿ ಚಾಪೆಯವಳ ಕಡೆ ತಿರುಗಿದರು. ತಾಯಿ, ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳು ನೀನು, ನೀನು ಕುಳಿತು ಒಂದು ಮಾತು ಹೇಳಿಬಿಡು ಎಂದು ಕೇಳಿಕೊಂಡರು.

"ನಾನು ಹೆಂಗೆ ಕೂರಲಿ ಅಯ್ಯನವರೇ," ಎಂದು ಅವಳು ಅವರ ಕಿವಿಯಲ್ಲಿ ಪಿಸುಗುಟ್ಟಿದ್ದು ಹತ್ತಿರ ನಿಂತವರಿಗೂ ಕೇಳಿಸಿತು. "ನೀವೆಲ್ಲ ಹೇಳಿದ್ರಿ, ನಾನು ನಂಬಿದೆ. ಅವನ ಜೊತೆ ಬಾಳಿದವಳು ನಾನು. ಒಂದು ದಿನಕ್ಕಾದ್ರೂ, ಇಲ್ಲ, ನನ್ನ ಗಂಡ ಕುಡಿದಿರಲಿಲ್ಲ ಅನ್ನಲಿಲ್ಲ. ನನಗೂ ಯಾರಾದ್ರೂ ಹೇಳಬೇಕಲ್ಲ."

ಸರಿ, ನಿಂತೇ ಹೇಳು, ಬಡಗಿಗಾದರೂ ಹೇಳು ಎಂದರು ಅಯ್ಯನವರು. ಅವಳು ಬಡಗಿಯ ಕಡೆ ತಿರುಗಿದಳು. ಬಿಟ್ಟೆ ಎನ್ನಲು ನಿಜವಾಗಿ ಪ್ರಯತ್ನ ಮಾಡಿದಳು, ನಾವು ನೋಡಿದೆವು. ಬಾಯಿ ತೆರೆಯಿತು. ಸ್ವರ ಹೊರಡಲಿಲ್ಲ. ಹೇಳು ಎಂದರೆ ಬರುವಂಥದ್ದಲ್ಲ ಇದು, ಮುಂದಿನ ಭಾನುವಾರ ನೋಡುತ್ತೇನೆ ಎಂದು ಹೇಳಿ ಅವಳು ಹೊರಗೆ ನಡೆದಳು.

ಆ ವಾರವೇ ಊರಿನವರು ಸಮಾಧಿ ತೋಟದ ಗೋಡೆ ಒಡೆದರು. ಅಂಬಿಗನ ಮೂಳೆಗಳನ್ನು ಎತ್ತಿ ತೊಂದರೆ ಕೊಡುವುದು ಬೇಡ ಎಂದು, ಮುಳ್ಳುಕಂಟಿ ಕಡಿದು, ಗೋಡೆಯನ್ನೇ ಅವನ ಆಚೆಗೆ ಸರಿಸಿ ಕಟ್ಟಿದರು. ಕಲ್ಲು ಹೊತ್ತವರಲ್ಲಿ ಹಿರಿಯನೂ ಇದ್ದ. ಚಾಪೆಯವಳು ಬಂದು ನೋಡಿದಳು, ಗಂಡನ ಹತ್ತಿರ ಬಹಳ ಹೊತ್ತು ಕುಳಿತಳು. ಇನ್ನು ಅವಳ ಮನಸ್ಸು ಹಗುರವಾಯಿತು, ಭಾನುವಾರ ಎಲ್ಲ ಮುಗಿಯುತ್ತದೆ ಎಂದುಕೊಂಡೆವು.

ಭಾನುವಾರ ಬಂತು. ಹಾಡು ಎತ್ತಿಕೊಡುವವಳು ಕೈ ಎತ್ತಿದಳು. ಎಲ್ಲರೂ ಸೇರಿ ಮತ್ತೆ ಅರಿಕೆ ಮಾಡಿದೆವು, ಮತ್ತೆ ಅವಳ ಕಡೆ ನೋಡಿದೆವು. ಅವಳ ಬಾಯಿ ತೆರೆಯಿತು, ಸ್ವರ ಹೊರಡಲಿಲ್ಲ. ಅದರ ಮುಂದಿನ ಭಾನುವಾರವೂ ಹಾಗೆಯೇ. ನಿಂತವರು ಕೂರುವ ಹಾಗಿಲ್ಲವಾದ್ದರಿಂದ ದೇವರ ವಾಕ್ಯವನ್ನು ನಿಂತೇ ಕೇಳಿದೆವು, ಪ್ರಸಂಗವನ್ನು ನಿಂತೇ ಕೇಳಿದೆವು. ಅಯ್ಯನವರ ಪ್ರಸಂಗಗಳು ಚಿಕ್ಕವಾದವು, ಅದೊಂದು ಲಾಭ. ಬೆಂಚುಗಳ ಮೇಲೆ ಧೂಳು ಕೂತಿತು. ಮುದುಕರು ಕಂಬಕ್ಕೆ ಒರಗಿದರು, ಕಂಬ ಸಿಗದವರು ಪಕ್ಕದವರಿಗೆ ಒರಗಿದರು. ವರ್ಷಗಟ್ಟಲೆ ಮಾತು ಬಿಟ್ಟವರು ಒಬ್ಬರ ಹೆಗಲು ಒಬ್ಬರು ಹಿಡಿದು ನಿಂತರು, ಬೇರೆ ದಾರಿಯಿರಲಿಲ್ಲ. ಬಿಳಿ ಬಟ್ಟೆಯನ್ನು ಯಾರ ಬಾಗಿಲಿಗೂ ಕಟ್ಟಲಿಲ್ಲ. ಹೊರುವ ಮನೆ ಇಲ್ಲದ ಮೇಲೆ, ಬೆಲ್ಲ ಕದ್ದವನು ಬೆಲ್ಲದ ಮನೆಗೇ ಹೋಗಿ ಹೇಳಿಕೊಳ್ಳಬೇಕಾಯಿತು. ಕೆಲವು ಕಡೆ ಹೊಡೆದಾಟವೂ ಆಯಿತು.

ಸ್ವಲ್ಪ ದಿನಕ್ಕೆ ಗೊಣಗಾಟ ಶುರುವಾಯಿತು. ಎಷ್ಟು ಹಟ ಇವಳದು ಎಂದರು. ಗೋಡೆ ಸರಿಸಿದೆವು, ಅತ್ತೆವು, ಇನ್ನೇನು ಮಾಡಬೇಕು ಎಂದರು. ಅಕ್ಕಿ ಬೆಲ್ಲ ಹಿಡಿದು ಅವಳ ಮನೆಗೆ ಹೋದವರಿದ್ದರು. ಅವಳು ಕೂರಲು ಚಾಪೆ ಹಾಸಿದಳು, ತಂದದ್ದನ್ನು ವಾಪಸು ಕೊಟ್ಟು ಕಳಿಸಿದಳು. ಅವಳು ಹಟ ಮಾಡುತ್ತಿರಲಿಲ್ಲ. ಅವಳಿಗೆ ಬಡಗಿಯ ಮೇಲೆ ಸಿಟ್ಟಿತ್ತು, ಅಷ್ಟೇ. ಗಂಡನ ಮೇಲೆ ವರ್ಷಗಟ್ಟಲೆ ಇಟ್ಟುಕೊಂಡಿದ್ದ ಸಿಟ್ಟು ಈಗ ಬಡಗಿಯ ಮೇಲೆ ಹೋಗಿತ್ತು, ಅದು ಬೇಗ ಕರಗುವಂಥದ್ದಾಗಿರಲಿಲ್ಲ. ಅಯ್ಯನವರು ಹೋಗಿ ಕೇಳಿದಾಗ ಅದನ್ನು ಮುಚ್ಚಿಡದೆ ಹೇಳಿದಳು. ಇಲ್ಲದ್ದನ್ನು ಇದೆ ಅಂತ ಹೇಳಿಸಬೇಡಿ ಎಂದಳು. ಅಯ್ಯನವರು ಮತ್ತೆ ಕೇಳಲಿಲ್ಲ, ಗೊಣಗುವವರಿಗೆ ಗೊಣಗಬೇಡಿ ಎಂದರು.

ಬಡಗಿ ಯಾರೂ ಹೇಳದೆ ಒಂದು ಹೊಸ ದೋಣಿ ಕಟ್ಟಿದ. ಊರು ಅದರಲ್ಲಿ ದಾಟಿತು, ಚಾಪೆಯವಳು ದಾಟಲಿಲ್ಲ. ಅವನು ಅವಳ ಬಾಗಿಲಿಗೆ ಮತ್ತೆ ಹೋಗಲಿಲ್ಲ, ದಾರಿಯಲ್ಲಿ ಸಿಕ್ಕರೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಮೊದಲೆಲ್ಲ ಅವಳು ಅವನನ್ನು ಅಣ್ಣಾ ಎಂದು ಕರೆಯುತ್ತಿದ್ದಳು. ಈಗ ಏನೆಂದೂ ಕರೆಯುತ್ತಿರಲಿಲ್ಲ. ಭಾನುವಾರಗಳಲ್ಲಿ ಅವನು ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ತಿರ, ಏನಕ್ಕೂ ಒರಗದೆ ನಿಲ್ಲುತ್ತಿದ್ದ. ದಿನೇ ದಿನೇ ಇಳಿದುಹೋಗುತ್ತಿದ್ದ.

ಒಂದು ಭಾನುವಾರ ಚಾಪೆಯವಳು ತಡವಾಗಿ ಬಂದಳು. ಹಿಂದಿನ ದಿನ ಬಿಸಿಲಿಗೆ ಹಾಕಿದ್ದ ಹುಲ್ಲು ಮಳೆಗೆ ನೆನೆದಿತ್ತು, ಅದನ್ನು ತಿರುವಿ ಹಾಕಿ ಬರುವಷ್ಟರಲ್ಲಿ ಅರಿಕೆ ಮುಗಿಯುತ್ತ ಬಂದಿತ್ತು. ಮುಂದೆ ಹೋಗಲು ದಾರಿಯಿರಲಿಲ್ಲ, ಎಲ್ಲ ಕಡೆ ಜನ ನಿಂತಿದ್ದರು. ಬಾಗಿಲ ಹತ್ತಿರವೇ ನಿಂತಳು. ಪಕ್ಕದಲ್ಲಿ ಬಡಗಿ. ಅವಳು ಮುಖ ಮುಂದೆ ಮಾಡಿ ಕೊನೆಯ ಮಾತುಗಳನ್ನು ಎಲ್ಲರ ಜೊತೆ ಹೇಳಿದಳು.

ಅಯ್ಯನವರು, "ದೇವರು ಬಿಟ್ಟಿದ್ದಾನೆ" ಎಂದರು. ಎಂದಿನಂತೆ ಸಭೆ ಸುಮ್ಮನಾಯಿತು. ಬಡಗಿಯ ಕಾಲು ನಡುಗುತ್ತಿದ್ದುದನ್ನು ಚಾಪೆಯವಳು ಕಂಡಳು, ಮುಂದೆ ನೋಡಿದಳು. ಮತ್ತೆ ಕಂಡಳು. ಅವನು ಬೆಂಚಿನ ಅಂಚು ಹಿಡಿಯಲು ಕೈ ಚಾಚಿದ, ಹಿಡಿಯದೆ ಕೈ ಹಿಂದೆ ತೆಗೆದುಕೊಂಡ. ಮಂಡಿ ಮಡಿಚಿಕೊಳ್ಳುವುದರಲ್ಲಿತ್ತು. ಅವಳು ಅವನ ಮೊಣಕೈ ಹಿಡಿದಳು.

"ಅಣ್ಣಾ, ಕೂತ್ಕೋ," ಎಂದಳು.

ಸ್ವರ ಹೊರಟಿತು. ಮೆಲ್ಲಗೆ ಹೇಳಿದ್ದಳು, ಆದರೆ ಎಲ್ಲರಿಗೂ ಕೇಳಿಸಿತು. ನಾವೆಲ್ಲ ಹಿಂದೆ ತಿರುಗಿದೆವು. ಕ್ಷಮಿಸಿದೆ ಎಂಬ ಅರ್ಥದಲ್ಲಿ ಹೇಳಿದೆಯಾ ಎಂದು ಆಮೇಲೆ ಎಷ್ಟೋ ಜನ ಅವಳನ್ನು ಕೇಳಿದ್ದಾರೆ. ವಯಸ್ಸಾದವರು, ಕಾಲು ನಡುಗುತ್ತಿತ್ತು, ಬೀಳುತ್ತಾರೆ ಅನ್ನಿಸಿತು ಎನ್ನುತ್ತಾಳೆ. ಅದಕ್ಕಿಂತ ಹೆಚ್ಚು ಅವಳು ಹೇಳಿದ್ದಿಲ್ಲ.

ಬಡಗಿ ಅವಳನ್ನು ನೋಡಿದ. ಧೂಳು ಒರೆಸುವುದಕ್ಕೂ ಕಾಯದೆ ಬೆಂಚಿನ ಮೇಲೆ ಕುಳಿತ, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ದೇವಾಲಯದಲ್ಲಿ ಅವನೊಬ್ಬನೇ ಕುಳಿತವನು. ಬಿಡುವ ಮಾತು ಹೇಳಬಲ್ಲವನೂ ಈಗ ಅವನೊಬ್ಬನೇ. ಅದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಮುಖದಿಂದ ಕೈ ತೆಗೆದು, ಪಕ್ಕದ ಜಾಗದ ಧೂಳನ್ನು ಅಂಗೈಯಿಂದ ಒರೆಸಿದ.

"ತಂಗಿ," ಎಂದ, "ನೀನೂ ಕೂತ್ಕೋ."

ಅವಳು ಕುಳಿತಳು. ಕುಳಿತವಳು ಮುಂದೆ ನಿಂತಿದ್ದ ಮುದುಕಿಯ ಸೆರಗು ಎಳೆದು, ಕೂತ್ಕೋ ಎಂದಳು. ಮುದುಕಿ ತನ್ನ ಪಕ್ಕದವನಿಗೆ ಹೇಳಿದಳು. ಒಬ್ಬರಿಂದ ಒಬ್ಬರಿಗೆ, ಬೆಂಚಿನಿಂದ ಬೆಂಚಿಗೆ, ಹಿಂದಿನಿಂದ ಮುಂದಕ್ಕೆ ಮಾತು ಹೋಯಿತು. ಹಿರಿಯನಿಗೆ ಹೇಳಿದವನು ಅವನ ಮೇಲೆ ಬೇಲಿಯ ಜಗಳ ಹೂಡಿದ್ದವನು. ಕೊನೆಗೆ ಅಯ್ಯನವರೊಬ್ಬರು ಪೀಠದ ಮುಂದೆ ನಿಂತು ಉಳಿದರು. ಅವರಿಗೆ ಹೇಳುವುದು ಯಾರೆಂದು ನಾವು ಅನುಮಾನಿಸುತ್ತಿರುವಾಗ, ಹಾಡು ಎತ್ತಿಕೊಡುವವಳು, ಅಯ್ಯನವರೇ, ನೀವೂ ಕೂತ್ಕೊಳ್ಳಿ ಎಂದಳು. ಅವರು ಪೀಠದ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ಅವತ್ತು ಪ್ರಸಂಗ ಆಗಲಿಲ್ಲ.

ಈಗಲೂ ನಮ್ಮೂರಿನಲ್ಲಿ ಯಾರಿಗೂ ತಮ್ಮ ತಪ್ಪನ್ನು ಸಭೆಯಲ್ಲಿ ಒಬ್ಬರೇ ಹೇಳಲು ಸ್ವರ ಹೊರಡುವುದಿಲ್ಲ. ಎಲ್ಲರೂ ಎದ್ದು ಒಟ್ಟಿಗೆ ಹೇಳುತ್ತೇವೆ. ಅಯ್ಯನವರು ದೇವರ ಮಾತು ಹೇಳುತ್ತಾರೆ. ಆಮೇಲೆ ಪಕ್ಕದವರು ಕೂತ್ಕೋ ಎನ್ನುವವರೆಗೆ ಯಾರೂ ಕೂರುವುದಿಲ್ಲ. ಹೊರಗಿನಿಂದ ಬಂದವರು, ಪಕ್ಕದವರು ಹೇಳದಿದ್ದರೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ನಿಂತಿರುತ್ತೇವೆ. ಹೇಳದವರೂ ಪಕ್ಕದಲ್ಲೇ ನಿಂತಿರುತ್ತಾರೆ.